ಮಾರಲಾಗದ ಆಸ್ತಿ

ಲೋಕದಲ್ಲಿ ಆಸ್ತಿಯೆಂದರೆ ಕೊಳ್ಳಲು ಬರುವಂಥದು, ಮಾರಲು ಬರುವಂಥದು. ಹೊಲ, ಮನೆ, ತೋಟ, ಒಡವೆ ಇವುಗಳನ್ನು ಮಾರಿದರೆ ಎಷ್ಟು ಹಣ ಬಂದೀತು ಎಂಬುದರ ಮೇಲೆ ನಾವು ಅವುಗಳ ಬೆಲೆಯನ್ನು ಗೊತ್ತುಮಾಡುತ್ತೇವೆ. ಮಾರುವ ಅಧಿಕಾರವಿಲ್ಲದವನನ್ನು ಒಡೆಯನೆಂದು ಕರೆಯುವ ವಾಡಿಕೆ ನಮ್ಮಲ್ಲಿಲ್ಲ; ಅವನನ್ನು ಗೇಣಿದಾರನೆಂದೋ ಕಾವಲುಗಾರನೆಂದೋ ಕರೆಯುತ್ತೇವೆ. ಆದರೆ ಒಂದು ನಾಡಿನ ಬಾಳಿನಲ್ಲಿ ಮಾರಬಾರದ ಆಸ್ತಿಯೂ ಕೆಲವುಂಟು. ಕಡಲ ತೀರ, ಬೆಟ್ಟದ ನೆತ್ತಿ, ನೂರಾರು ವರ್ಷ ಬಾಳಿದ ಮನೆ, ಊರಿಗೆಲ್ಲ ನೆರಳಾದ ತೋಪು ಇವೆಲ್ಲ ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ದಾಟುತ್ತ ಹೋದಂತೆ ಎಂದೋ ಒಂದು ದಿನ ಇಲ್ಲವಾಗುತ್ತವೆ. ಹಾಗೆ ಇಲ್ಲವಾದುದು ಮತ್ತೆ ಎಷ್ಟು ಹಣ ಕೊಟ್ಟರೂ ಮರಳಿ ದೊರೆಯುವುದಿಲ್ಲ. ಇಂಥ ಆಸ್ತಿಯನ್ನು ಕಾಪಾಡಬೇಕಾದವರು ಯಾರು? ಒಡೆಯನೆ, ಸರ್ಕಾರವೆ, ಜನರೆ? ಈ ಪ್ರಶ್ನೆಗೆ ಬ್ರಿಟನ್ನಿನ ಜನ 1895ರಲ್ಲಿ ಒಂದು ಉತ್ತರವನ್ನು ಕಂಡುಕೊಂಡರು. ಆ ಉತ್ತರವೇ 'ನ್ಯಾಷನಲ್ ಟ್ರಸ್ಟ್' ಎಂಬ ಸಂಸ್ಥೆ.

ಟ್ರಸ್ಟ್ ಎಂದರೆ ನಂಬಿಕೆ. ಒಬ್ಬರು ನಂಬಿ ಒಪ್ಪಿಸಿದುದನ್ನು ಮತ್ತೊಬ್ಬರು ತಮ್ಮ ಸ್ವಂತಕ್ಕೆ ಬಳಸಿಕೊಳ್ಳದೆ ಕಾಯ್ದುಕೊಂಡಿರುವುದು ಅದರ ತಿರುಳು. ಇತಿಹಾಸ ಪ್ರಸಿದ್ಧವಾದ ಸ್ಥಳಗಳನ್ನೂ ನಿಸರ್ಗ ಸುಂದರವಾದ ಸ್ಥಳಗಳನ್ನೂ ಜನತೆಯ ಪರವಾಗಿ ಎಂದೆಂದಿಗೂ ಕಾಪಾಡುವುದೇ ಈ ಸಂಸ್ಥೆಯ ಧ್ಯೇಯ. ಇಂಗ್ಲೆಂಡ್, ವೇಲ್ಸ್ ಮತ್ತು ಉತ್ತರ ಐರ್ಲೆಂಡುಗಳು ಇದರ ಕಾರ್ಯಕ್ಷೇತ್ರ. ಸ್ಕಾಟ್ಲೆಂಡಿಗೆ 1931ರಿಂದ ಬೇರೆಯದೇ ಆದ ಟ್ರಸ್ಟ್ ಇದೆ. ಇದು ಸರ್ಕಾರದ ಇಲಾಖೆಯಲ್ಲ. ಸದಸ್ಯರ ಚಂದಾ, ದಾನಿಗಳ ದತ್ತಿ, ನೋಡಬಂದವರು ಕೊಡುವ ಪ್ರವೇಶಧನ ಮುಂತಾದುವುಗಳಿಂದ ನಡೆಯುವ ಧರ್ಮಸಂಸ್ಥೆ. ಇಂದು ಇದರ ಸದಸ್ಯರ ಸಂಖ್ಯೆ 50 ಲಕ್ಷಕ್ಕೂ ಹೆಚ್ಚು. ಸುಮಾರು ಆರು ಲಕ್ಷ ಎಕರೆ ನೆಲ, 780 ಮೈಲಿಗೂ ಮಿಕ್ಕ ಕಡಲತೀರ, 200ಕ್ಕೂ ಹೆಚ್ಚು ಐತಿಹಾಸಿಕ ಮನೆಗಳು ಇದರ ರಕ್ಷಣೆಯಲ್ಲಿವೆ. ಈ ಅಂಕಿಗಳು ದೊಡ್ಡವೇ. ಆದರೆ ನನ್ನ ಮೆಚ್ಚುಗೆ ಆ ದೊಡ್ಡತನಕ್ಕೆ ಸಲ್ಲುವುದಿಲ್ಲ. ಆ ಸಂಸ್ಥೆ ಹುಟ್ಟಿದ ಬಗೆಗೂ ಅದು ತನಗೆ ತಾನೇ ಹಾಕಿಕೊಂಡ ಒಂದು ಕಟ್ಟಿಗೂ ಸಲ್ಲುತ್ತದೆ.

19ನೆಯ ಶತಮಾನದಲ್ಲಿ ಇಂಗ್ಲೆಂಡು ಯಂತ್ರೋದ್ಯಮದಿಂದ ಶ್ರೀಮಂತವಾಗುತ್ತಿತ್ತು. ಹಳ್ಳಿಗಳನ್ನು ಬಿಟ್ಟು ಲಕ್ಷಗಟ್ಟಲೆ ಜನ ಗಿರಣಿಗಳಿದ್ದ ನಗರಗಳನ್ನು ಸೇರಿದರು. ಅವರಿಗೆ ಅಲ್ಲಿ ಕೂಲಿ ದೊರೆಯಿತು. ಗಾಳಿ ಬೆಳಕುಗಳು ದೊರೆಯಲಿಲ್ಲ. ಇಕ್ಕಟ್ಟಾದ ಓಣಿ, ಒಂದೇ ಕೋಣೆಯಲ್ಲಿ ಇಡೀ ಸಂಸಾರ, ಹೊಗೆ ಕವಿದ ಆಕಾಶ, ಇದು ಅವರ ಬದುಕಾಯಿತು. ಇತ್ತ ಹಳ್ಳಿಗಾಡಿನಲ್ಲಿ ನಮ್ಮ ಗೋಮಾಳಗಳಂತೆ ಊರವರೆಲ್ಲ ದನ ಮೇಯಿಸಿಕೊಂಡು, ಸೌದೆ ಆರಿಸಿಕೊಂಡು ಬಂದಿದ್ದ ಸಾಮುದಾಯಿಕ ಭೂಮಿಗಳಿಗೆ ಜಮೀನುದಾರರು ಬೇಲಿ ಹಾಕಿ ತಮ್ಮವನ್ನಾಗಿ ಮಾಡಿಕೊಳ್ಳುತ್ತಿದ್ದರು. ಹೀಗೆ ನಗರದ ಬಡವನಿಗೆ ಕೂರಲು ಬಯಲಿಲ್ಲ, ಹಳ್ಳಿಯ ಬಡವನಿಗೆ ತಿರುಗಾಡಲು ನೆಲವಿಲ್ಲ ಎಂಬಂತಾಯಿತು.

ಈ ಸ್ಥಿತಿಯನ್ನು ಕಂಡು ಮರುಗಿದವರಲ್ಲಿ ಆಕ್ಟೇವಿಯಾ ಹಿಲ್ ಎಂಬ ಮಹಿಳೆ ಮುಖ್ಯರು. ಅವರು ಹುಟ್ಟಿದ್ದು 1838ರಲ್ಲಿ. ಕಲಾವಿಮರ್ಶಕ ಜಾನ್ ರಸ್ಕಿನ್ ಒದಗಿಸಿದ ಹಣದಿಂದ 1865ರಲ್ಲಿ ಲಂಡನ್ನಿನ ಬಡವರ ಕೇರಿಯೊಂದರಲ್ಲಿ ಮೂರು ಮನೆಗಳನ್ನು ಪಡೆದು, ದುರಸ್ತಿ ಮಾಡಿಸಿ, ಕೂಲಿಕಾರರಿಗೆ ತಕ್ಕ ಬಾಡಿಗೆಗೆ ಕೊಡುವ ಕೆಲಸವನ್ನು ಅವರು ಆರಂಭಿಸಿದರು. ಬಾಡಿಗೆಯನ್ನು ತಾವೇ ಮನೆಮನೆಗೆ ಹೋಗಿ ವಸೂಲು ಮಾಡುತ್ತ, ಅಲ್ಲಿನವರ ಕಷ್ಟಸುಖಗಳನ್ನು ಹತ್ತಿರದಿಂದ ಅರಿತರು. ಒಳ್ಳೆಯ ಸೂರು ಕೊಟ್ಟಮಾತ್ರಕ್ಕೆ ಮನುಷ್ಯನ ಬಾಳು ತುಂಬುವುದಿಲ್ಲ, ಅವನಿಗೆ ಹಸಿರೂ ಬಯಲೂ ಬೇಕು ಎಂಬುದು ಆ ಅನುಭವದಿಂದ ಅವರಿಗೆ ಮನವರಿಕೆಯಾಯಿತು. ಲಂಡನ್ನಿನ ಸ್ವಿಸ್ ಕಾಟೇಜ್ ಎಂಬಲ್ಲಿ ಉಳಿದಿದ್ದ ಹುಲ್ಲುಗಾವಲುಗಳನ್ನು ಜನರಿಗಾಗಿ ಕೊಂಡುಕೊಳ್ಳಲು ಅವರು ಹಣ ಕೂಡಿಸಹೊರಟರು. ಆ ಪ್ರಯತ್ನ 1875ರಲ್ಲಿ ವಿಫಲವಾಗಿ, ಆ ನೆಲದ ಮೇಲೆ ಕಟ್ಟಡಗಳು ಎದ್ದವು. ಸೋಲು ಅವರನ್ನು ಕುಗ್ಗಿಸಲಿಲ್ಲ. ನೆಲವನ್ನು ಜನರ ಪರವಾಗಿ ಹಿಡಿದಿಡಲು ಶಾಶ್ವತವಾದ ಏರ್ಪಾಡೊಂದು ಬೇಕೆಂಬ ಯೋಚನೆಯನ್ನು ಬಲಪಡಿಸಿತು.

ಅವರ ಜೊತೆಗೂಡಿದ ಇನ್ನಿಬ್ಬರು ರಾಬರ್ಟ್ ಹಂಟರ್ ಮತ್ತು ಹಾರ್ಡ್‌ವಿಕ್ ರಾನ್ಸ್‌ಲಿ. ಹಂಟರ್ ನ್ಯಾಯವಾದಿ, ಬೇಲಿ ಹಾಕಿದ ಜಮೀನುದಾರರ ಮೇಲೆ ಮೊಕದ್ದಮೆ ಹೂಡಿ ಸಾಮುದಾಯಿಕ ಭೂಮಿಗಳನ್ನು ಬಿಡಿಸಿಕೊಡುತ್ತಿದ್ದ ಸಂಘಕ್ಕೆ ಕಾನೂನು ಸಲಹೆಗಾರರಾಗಿದ್ದವರು. ರಾನ್ಸ್‌ಲಿ ವಾಯವ್ಯ ಇಂಗ್ಲೆಂಡಿನ ಸರೋವರ ಪ್ರಾಂತದಲ್ಲಿ ಚರ್ಚಿನ ಪಾದ್ರಿ. ಕಲ್ಲುಗಣಿಗಳಿಗಾಗಿ ಆ ಕಣಿವೆಗಳಲ್ಲಿ ರೈಲುಹಾದಿ ಹಾಕುವ ಯೋಜನೆಯನ್ನು 1883ರಲ್ಲಿ ವಿರೋಧಿಸಿ, ಅದು ಕೈಬಿಟ್ಟುಹೋಗುವಂತೆ ಮಾಡಿದವರು. ಒಬ್ಬರಲ್ಲಿ ಬಡವರ ಮೇಲಿನ ಕಳಕಳಿ, ಇನ್ನೊಬ್ಬರಲ್ಲಿ ಕಾನೂನಿನ ಜ್ಞಾನ, ಮತ್ತೊಬ್ಬರಲ್ಲಿ ನಿಸರ್ಗದ ಪ್ರೀತಿ. ಈ ಮೂರೂ ಒಂದೆಡೆ ಕೂಡಿದ್ದರಿಂದಲೇ ಸಂಸ್ಥೆ ನಿಂತಿತು ಎಂದು ನನಗೆ ತೋರುತ್ತದೆ. ಕಳಕಳಿಯೊಂದೇ ಇದ್ದಿದ್ದರೆ ಅದು ಮಾತಿನಲ್ಲಿ ಮುಗಿಯುತ್ತಿತ್ತು. ಕಾನೂನೊಂದೇ ಇದ್ದಿದ್ದರೆ ಕಾಗದದಲ್ಲಿ ಉಳಿಯುತ್ತಿತ್ತು.

ಸಂಸ್ಥೆಯ ಕಲ್ಪನೆಗೆ ಕಾರಣವಾದ ಪ್ರಸಂಗವೂ ಗಮನಾರ್ಹವಾದುದು. 17ನೆಯ ಶತಮಾನದ ಬರೆಹಗಾರ ಜಾನ್ ಈವ್ಲಿನ್ ಲಂಡನ್ನಿನ ಡೆಟ್‌ಫರ್ಡ್‌ನಲ್ಲಿ ಬೆಳೆಸಿದ್ದ ತೋಟದ ಉಳಿದ ಭಾಗವನ್ನು, ಅವನ ವಂಶದವರೊಬ್ಬರು 1884ರ ಸುಮಾರಿನಲ್ಲಿ ಸಾರ್ವಜನಿಕರಿಗೆ ಬಿಟ್ಟುಕೊಡಲು ಮುಂದಾದರು. ಕೊಡುವ ಕೈ ಇತ್ತು. ಪಡೆಯುವ ಕೈ ಇರಲಿಲ್ಲ. ಜನತೆಯ ಹೆಸರಿನಲ್ಲಿ ನೆಲವನ್ನು ಪಡೆದು ಶಾಶ್ವತವಾಗಿ ಇಟ್ಟುಕೊಳ್ಳಬಲ್ಲ ಸಂಸ್ಥೆ ಆಗಿನ ಕಾನೂನಿನಲ್ಲಿ ಒಂದೂ ಇರಲಿಲ್ಲ. ಹಂಟರ್ ಅದೇ ವರ್ಷ ಬರ್ಮಿಂಗ್‌ಹ್ಯಾಮಿನಲ್ಲಿ ಮಾಡಿದ ಭಾಷಣದಲ್ಲಿ ಅಂಥ ಸಂಸ್ಥೆಯ ರೂಪರೇಷೆಯನ್ನು ಜನರ ಮುಂದಿಟ್ಟರು. ಅದು ಕಾರ್ಯರೂಪಕ್ಕೆ ಬರಲು ಮುಂದೆ ಹತ್ತು ವರ್ಷಗಳೇ ಬೇಕಾದವು. 1895ರ ಜನವರಿ 12ರಂದು ನ್ಯಾಷನಲ್ ಟ್ರಸ್ಟ್ ವಿಧ್ಯುಕ್ತವಾಗಿ ಸ್ಥಾಪನೆಯಾಯಿತು.

ಅದರ ಮೊದಲ ಆಸ್ತಿ ವೇಲ್ಸಿನ ಬಾರ್ಮತ್ ಎಂಬ ಊರಿನ ಮೇಲೆ ಕಡಲಿಗೆ ಮುಖಮಾಡಿ ನಿಂತ ಒಂದು ಗುಡ್ಡದ ಇಳಿಜಾರು. ಫ್ಯಾನಿ ಟಾಲ್ಬಟ್ ಎಂಬ ಮಹಿಳೆ ಅದನ್ನು ಅದೇ ವರ್ಷ ದಾನವಾಗಿ ಕೊಟ್ಟರು. ಹರವು ಐದು ಎಕರೆಗೂ ಕಡಿಮೆ. ಅರಮನೆಯಿಲ್ಲ, ಕೋಟೆಯಿಲ್ಲ, ಕಲ್ಲು, ಮುಳ್ಳುಪೊದೆ, ಗಾಳಿ, ಕೆಳಗೆ ಸಮುದ್ರ. ಅದು ಹಾಗೆಯೇ ಇರಲಿ, ಯಾರೂ ಅದನ್ನು ಅಲಂಕರಿಸಹೋಗಿ ಕೆಡಿಸದಿರಲಿ ಎಂಬುದೇ ಆಕೆಯ ಇಚ್ಛೆ. ಮರುವರ್ಷ, 1896ರಲ್ಲಿ, ಸಸೆಕ್ಸ್ ಪ್ರಾಂತದ ಆಲ್ಫ್ರಿಸ್ಟನ್ ಎಂಬ ಹಳ್ಳಿಯಲ್ಲಿ ಬೀಳುವ ಸ್ಥಿತಿಯಲ್ಲಿದ್ದ 14ನೆಯ ಶತಮಾನದ ಒಂದು ಮನೆಯನ್ನು ಟ್ರಸ್ಟ್ 10 ಪೌಂಡಿಗೆ ಕೊಂಡಿತು. ಹುಲ್ಲು ಹೊದೆಸಿದ ಮಾಡು, ಮರದ ಚೌಕಟ್ಟಿನ ಗೋಡೆ. ಕೊಂಡ ಬೆಲೆಯ ಎಷ್ಟೋ ಪಾಲು ಹಣ ಅದರ ದುರಸ್ತಿಗೆ ಹಿಡಿಯಿತು. ಕೊಳ್ಳುವುದು ಸುಲಭ, ಕಾಪಾಡುವುದು ಕಷ್ಟ ಎಂಬ ಪಾಠವನ್ನು ಆ ಮೊದಲ ಮನೆಯೇ ಟ್ರಸ್ಟಿಗೆ ಕಲಿಸಿತು.

ಇನ್ನು ಟ್ರಸ್ಟ್ ತನಗೆ ತಾನೇ ಹಾಕಿಕೊಂಡ ಕಟ್ಟಿನ ಮಾತು. 1907ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಈ ಸಂಸ್ಥೆಗಾಗಿಯೇ ಒಂದು ಕಾಯಿದೆಯನ್ನು ಮಾಡಿತು. ಅದರ ಪ್ರಕಾರ ಟ್ರಸ್ಟ್ ತನ್ನ ಯಾವುದೇ ಆಸ್ತಿಯನ್ನು 'ಪರಭಾರೆ ಮಾಡಲಾಗದ್ದು' ಎಂದು ಘೋಷಿಸಬಹುದು. ಹಾಗೆ ಘೋಷಿಸಿದ ಮೇಲೆ ಆ ಆಸ್ತಿಯನ್ನು ಅದು ಮಾರುವಂತಿಲ್ಲ, ಅಡವಿಡುವಂತಿಲ್ಲ. ಟ್ರಸ್ಟಿನ ಇಷ್ಟಕ್ಕೆ ವಿರೋಧವಾಗಿ ಸರ್ಕಾರವೇ ಅದನ್ನು ವಶಪಡಿಸಿಕೊಳ್ಳಬೇಕೆಂದರೂ ವಿಷಯ ಪಾರ್ಲಿಮೆಂಟಿನ ಮುಂದೆ ಬರಬೇಕು. ಸಾಮಾನ್ಯವಾಗಿ ಸಂಸ್ಥೆಗಳು ಕಾನೂನಿನಿಂದ ಹೆಚ್ಚಿನ ಅಧಿಕಾರಗಳನ್ನು ಬೇಡುತ್ತವೆ. ಇದಾದರೋ ತನ್ನ ಅಧಿಕಾರವೊಂದನ್ನು ಬಿಟ್ಟುಕೊಡಲು ಕಾನೂನಿನ ನೆರವನ್ನು ಬೇಡಿತು. ನಾಳೆ ಬರುವ ಆಡಳಿತಗಾರರು ಹಣದ ಅಡಚಣೆಯಿಂದಲೋ ಆಸೆಯಿಂದಲೋ ಮನಸ್ಸು ಬದಲಿಸಿದರೂ ಆಸ್ತಿಗೆ ಅಪಾಯ ಬರಬಾರದೆಂಬ ಮುಂದಾಲೋಚನೆ ಅದು. ನಮ್ಮ ಪ್ರಾಚೀನ ದಾನಶಾಸನಗಳನ್ನು ಓದಿದವರಿಗೆ ಈ ಭಾವನೆ ಹೊಸದಲ್ಲ. ಕೊಟ್ಟ ಭೂಮಿಯನ್ನು ಅಪಹರಿಸಿದವರಿಗೆ ಘೋರ ಪಾಪ ತಟ್ಟಲೆಂಬ ಶಾಪದೊಡನೆ ಎಷ್ಟೋ ಶಾಸನಗಳು ಮುಗಿಯುತ್ತವೆ. ದಾನ ಕೊಟ್ಟವನಿಗೆ ತನ್ನ ಮುಂದಿನವರ ಮೇಲೆ ಇದ್ದ ಸಂದೇಹವೇ ಆ ಶಾಪಕ್ಕೆ ಕಾರಣ. ಅಲ್ಲಿ ಪಾಪದ ಭಯವನ್ನು ಕಾವಲಿಟ್ಟರು. ಇಲ್ಲಿ ಪಾರ್ಲಿಮೆಂಟನ್ನು ಕಾವಲಿಟ್ಟರು.

ಈ ಕಟ್ಟಿನಿಂದ ಜನರಲ್ಲಿ ನಂಬಿಕೆ ಬೆಳೆಯಿತು; ಕೊಡುವವರೂ ಹೆಚ್ಚಿದರು. ಕಾಯಿದೆಗೆ ಮುನ್ನವೇ, 1902ರಲ್ಲಿ, ಸರೋವರ ಪ್ರಾಂತದ ಡರ್ವೆಂಟ್‌ವಾಟರ್ ಎಂಬ ಕೆರೆಯ ದಡದಲ್ಲಿ 108 ಎಕರೆ ಕಾಡನ್ನು ಕೊಳ್ಳಲು ಟ್ರಸ್ಟ್ ಕರೆಕೊಟ್ಟಾಗ, ಕೆಲವೇ ತಿಂಗಳುಗಳಲ್ಲಿ 6,500 ಪೌಂಡು ಕೂಡಿತ್ತು. ಅದರಲ್ಲಿ ಕಾರ್ಖಾನೆಗಳ ಕೂಲಿಕಾರರು ಕಳುಹಿಸಿದ ಪುಡಿಗಾಸೂ ಸೇರಿತ್ತು. ಪೀಟರ್ ಎಂಬ ಮೊಲದ ಕಥೆಯಿಂದ ಲೋಕದ ಮಕ್ಕಳಿಗೆಲ್ಲ ಪರಿಚಿತರಾದ ಬಿಯಾಟ್ರಿಕ್ಸ್ ಪಾಟರ್, ತಮ್ಮ ಪುಸ್ತಕಗಳಿಂದ ಬಂದ ಹಣದಲ್ಲಿ ಆ ಪ್ರಾಂತದ ಹೊಲಮನೆಗಳನ್ನು ಒಂದೊಂದಾಗಿ ಕೊಂಡರು. 1943ರಲ್ಲಿ ಅವರು ತೀರಿಕೊಂಡಾಗ 4,000 ಎಕರೆಗೂ ಹೆಚ್ಚು ನೆಲ ಅವರ ಉಯಿಲಿನಂತೆ ಟ್ರಸ್ಟಿಗೆ ಸೇರಿತು. ನೆಲದೊಂದಿಗೆ ಹರ್ಡ್‌ವಿಕ್ ಎಂಬ ಸ್ಥಳೀಯ ತಳಿಯ ಕುರಿಮಂದೆಗಳೂ ಉಳಿಯಬೇಕೆಂಬುದು ಅವರ ಬಯಕೆಯಾಗಿತ್ತು. ಬೇಲಿಯಿಲ್ಲದ ಆ ಬೆಟ್ಟಗಳಲ್ಲಿ ಪ್ರತಿಯೊಂದು ಮಂದೆಗೂ ತನ್ನ ಮೇವಿನ ಎಲ್ಲೆ ಗೊತ್ತು. ತಾಯಿಕುರಿಯಿಂದ ಮರಿ ಅದನ್ನು ಕಲಿಯುತ್ತದೆ. ಮಂದೆಯನ್ನು ಒಮ್ಮೆ ಮಾರಿಬಿಟ್ಟರೆ ಆ ತಿಳಿವಳಿಕೆಯೂ ಅದರೊಡನೆ ಹೋಗುತ್ತದೆ. ಆದ್ದರಿಂದ ಒಕ್ಕಲು ಬದಲಾದರೂ ಮಂದೆ ಹೊಲದೊಡನೆಯೇ ಉಳಿಯುವ ಏರ್ಪಾಡಿದೆ. ಪರಂಪರೆಯೆಂಬುದು ಕಲ್ಲು ಮರಗಳಲ್ಲಿ ಮಾತ್ರ ಇರುವುದಿಲ್ಲ, ಜೀವಿಗಳ ನಡೆಯಲ್ಲಿಯೂ ಇರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಮುಂದೆ 1965ರಲ್ಲಿ, ಕಟ್ಟಡಗಳ ಹಾವಳಿಯಿಂದ ಕಡಲತೀರವನ್ನು ಉಳಿಸಿಕೊಳ್ಳಲು ಟ್ರಸ್ಟ್ ಸಮುದ್ರದೇವತೆ ನೆಪ್ಚೂನನ ಹೆಸರಿನಲ್ಲಿ ಒಂದು ನಿಧಿಯನ್ನು ಆರಂಭಿಸಿತು. ಮೇಲೆ ಹೇಳಿದ 780 ಮೈಲಿಗಳಲ್ಲಿ ಬಹುಭಾಗ ಹೀಗೆ ತುಂಡು ತುಂಡಾಗಿ ಬಂದುದು. ಡೋವರಿನ ಬಿಳಿಯ ಕಡಲಬಂಡೆಗಳ ಒಂದು ಭಾಗಕ್ಕಾಗಿ 2012ರಲ್ಲಿ ಕರೆಕೊಟ್ಟಾಗಲೂ ಜನ 12 ಲಕ್ಷ ಪೌಂಡನ್ನು ಕೂಡಿಸಿಕೊಟ್ಟರು.

ಇಷ್ಟಾದರೂ ಈ ಕಾರ್ಯವನ್ನು ಆಕ್ಷೇಪಿಸುವವರು ಇದ್ದಾರೆ. ಅವರ ಆಕ್ಷೇಪಗಳನ್ನು ತಳ್ಳಿಹಾಕದೆ ವಿಚಾರಿಸಬೇಕು. ಮೊದಲನೆಯದು: ಇರಲು ಮನೆಯಿಲ್ಲದವರು ನಾಡಿನಲ್ಲಿರುವಾಗ ಯಾರೂ ವಾಸಿಸದ ಹಳೆಯ ಮನೆಗಳಿಗೆ ಹಣ ಸುರಿಯುವುದು ನ್ಯಾಯವೆ? ಈ ಪ್ರಶ್ನೆ ಕೇಳಲು ಸಹಜವಾದುದು. ಆದರೆ ಈ ಸಂಸ್ಥೆಯನ್ನು ಕಟ್ಟಿದವರಲ್ಲೊಬ್ಬರು ತಮ್ಮ ಬಾಳನ್ನೆಲ್ಲ ಬಡವರ ವಸತಿಗಾಗಿ ಸವೆಸಿದವರೆಂಬುದನ್ನು ನೆನೆದರೆ ಉತ್ತರ ತಾನಾಗಿ ಹೊಳೆಯುತ್ತದೆ. ಮನೆಯನ್ನೂ ಬಯಲನ್ನೂ ಆಕ್ಟೇವಿಯಾ ಹಿಲ್ ಎದುರುಬದುರಾಗಿ ನಿಲ್ಲಿಸಲಿಲ್ಲ. ಸಿರಿವಂತನಿಗೆ ತನ್ನದೇ ಆದ ತೋಟವುಂಟು; ಬೇಕೆಂದಾಗ ಬೆಟ್ಟದ ಬಂಗಲೆಗೆ ಹೋಗಬಲ್ಲ. ಸಾರ್ವಜನಿಕವಾದ ಬಯಲು ಇಲ್ಲವಾದರೆ ನಷ್ಟವಾಗುವುದು ಬೇರೆ ತೋಟವಿಲ್ಲದವನಿಗೆ. ಮಧ್ಯ ಇಂಗ್ಲೆಂಡಿನ ಕಿಂಡರ್ ಸ್ಕೌಟ್ ಎಂಬ ಎತ್ತರದ ಪ್ರಸ್ಥಭೂಮಿಯ ಕಥೆ ಇದಕ್ಕೆ ಸಾಕ್ಷಿ. ಅದು ಜಮೀನುದಾರರು ಬೇಟೆಯ ಹಕ್ಕಿಗಳಿಗಾಗಿ ಕಾದಿಟ್ಟುಕೊಂಡಿದ್ದ ನೆಲ. 1932ರ ಏಪ್ರಿಲಿನಲ್ಲಿ ಮ್ಯಾಂಚೆಸ್ಟರ್ ಮೊದಲಾದ ನಗರಗಳ ದುಡಿಯುವ ತರುಣರು ನೂರಾರು ಮಂದಿ ಸೇರಿ, ಅಪ್ಪಣೆಯಿಲ್ಲದೆ ಅದರ ಮೇಲೆ ನಡೆದರು. ಕಾವಲುಗಾರರೊಡನೆ ಜಗಳವಾಗಿ ಐದು ಮಂದಿ ಸೆರೆಮನೆ ಕಂಡರು. 1982ರಲ್ಲಿ ಅದೇ ಭೂಮಿ ನ್ಯಾಷನಲ್ ಟ್ರಸ್ಟಿನ ವಶಕ್ಕೆ ಬಂದಿತು. ಯಾವ ನೆಲದ ಮೇಲೆ ಕಾಲಿಟ್ಟುದಕ್ಕೆ ತಾತಂದಿರು ಸೆರೆಗೆ ಹೋದರೋ ಅಲ್ಲಿ ಮೊಮ್ಮಕ್ಕಳು ಇಂದು ನಿರ್ಭಯವಾಗಿ ನಡೆಯುತ್ತಾರೆ.

ಎರಡನೆಯ ಆಕ್ಷೇಪ ಇನ್ನೂ ತೀಕ್ಷ್ಣವಾದುದು: ಈ ಭವ್ಯಗೃಹಗಳು ಯಾರವು? ಪ್ರಭುಗಳವು, ಜಹಗೀರುದಾರರವು. ಅವರ ವೈಭವವನ್ನು ಜನ ಏಕೆ ಕಾಪಾಡಬೇಕು? ಟ್ರಸ್ಟಿಗೆ ಈ ಮನೆಗಳು ಬಂದ ಬಗೆಯನ್ನು ಇಲ್ಲಿ ತಿಳಿಯಬೇಕು. 20ನೆಯ ಶತಮಾನದಲ್ಲಿ ವಾರಸುತೆರಿಗೆಯ ಭಾರದಿಂದಲೂ ಆದಾಯದ ಇಳಿತದಿಂದಲೂ ದೊಡ್ಡ ಮನೆಗಳ ಒಡೆಯರು ಅವನ್ನು ನಡೆಸಲಾರದೆ ಹೋದರು. ನೂರಾರು ಮನೆಗಳನ್ನು ಕೆಡವಿ ಕಲ್ಲು ತೊಲೆಗಳನ್ನು ಮಾರಲಾಯಿತು. 1934ರಲ್ಲಿ ಲಾರ್ಡ್ ಲೋಥಿಯನ್ ಈ ವಿನಾಶದ ಕಡೆಗೆ ಟ್ರಸ್ಟಿನ ಗಮನ ಸೆಳೆದರು. 1937ರ ಕಾಯಿದೆಯಿಂದಾಗಿ, ಮನೆಯನ್ನೂ ಅದರ ನಿರ್ವಹಣೆಗೆ ಬೇಕಾದ ದತ್ತಿಯನ್ನೂ ಒಟ್ಟಿಗೆ ಟ್ರಸ್ಟಿಗೆ ಒಪ್ಪಿಸುವುದು ಸುಲಭವಾಯಿತು. ಲೋಥಿಯನ್ 1940ರಲ್ಲಿ ತೀರಿಕೊಂಡಾಗ ಬ್ಲಿಕ್ಲಿಂಗ್ ಎಂಬ ಅವರ ಮನೆಯೂ ಹೀಗೆಯೇ ಬಂದಿತು. ಒಡೆಯನೊಬ್ಬನ ಮನೆ ಸಾವಿರಾರು ಜನ ನೋಡುವ ಮನೆಯಾದಾಗ ಅದರ ಸ್ವರೂಪವೇ ಬದಲಾಗುತ್ತದೆ. ಆ ಗೋಡೆಯನ್ನು ಕಟ್ಟಿದ ಗಾರೆಯವನು, ಬಾಗಿಲನ್ನು ಕೆತ್ತಿದ ಬಡಗಿ, ಅಡುಗೆಮನೆಯಲ್ಲಿ ಬೆಂದ ಸೇವಕಿ ಇವರ ಕುರುಹೂ ಅಲ್ಲಿಯೇ ಇದೆ. ಮನೆಯನ್ನು ಕೆಡವಿದರೆ ಪ್ರಭುವಿನ ಚಿತ್ರ ಎಲ್ಲಿಯಾದರೂ ಉಳಿದೀತು. ಅಳಿದುಹೋಗುವುದು ಹೆಸರಿಲ್ಲದ ಇವರ ಕೈಗೆಲಸ.

ಆದರೆ ಕಾಪಾಡುವವನು ಸತ್ಯವನ್ನೂ ಕಾಪಾಡಬೇಕು. ಈ ಮನೆಗಳಲ್ಲಿ ಕೆಲವನ್ನು ಕಟ್ಟಿದ ಹಣ ಎಲ್ಲಿಂದ ಬಂದಿತೆಂಬ ಪ್ರಶ್ನೆ ಬಹುಕಾಲ ಮರೆಯಲ್ಲಿತ್ತು. 2020ರಲ್ಲಿ ಟ್ರಸ್ಟ್ ಒಂದು ವರದಿಯನ್ನು ಪ್ರಕಟಿಸಿ, ತನ್ನ ರಕ್ಷಣೆಯಲ್ಲಿರುವ 93 ಸ್ಥಳಗಳಿಗೆ ಗುಲಾಮಗಿರಿಯೊಡನೆಯೋ ವಸಾಹತು ಆಳ್ವಿಕೆಯೊಡನೆಯೋ ಸಂಬಂಧವಿತ್ತೆಂದು ತೋರಿಸಿತು. ಇದರಿಂದ ಅಲ್ಲಿನ ಕೆಲವರಿಗೆ ಕೋಪ ಬಂದಿತು. ಪೂರ್ವಜರ ಹೆಸರಿಗೆ ಮಸಿ ಬಳಿದಂತಾಯಿತೆಂದು ಅವರು ಆಕ್ಷೇಪಿಸಿದರು. ನನ್ನ ದೃಷ್ಟಿಯಲ್ಲಿ ಟ್ರಸ್ಟ್ ಮಾಡಿದುದು ಸರಿಯಾದ ಕೆಲಸ. ಇದು ಕನ್ನಡಿಗರಾದ ನಮಗೆ ಸಂಬಂಧವಿಲ್ಲದ ವಿಷಯವೂ ಅಲ್ಲ. ವೇಲ್ಸಿನಲ್ಲಿ ಪೋವಿಸ್ ಎಂಬ ಕೋಟೆಮನೆಯುಂಟು. ಅದು 1952ರಲ್ಲಿ ಟ್ರಸ್ಟಿಗೆ ಸೇರಿತು. ರಾಬರ್ಟ್ ಕ್ಲೈವನ ಮಗ ಎಡ್ವರ್ಡ್ ಕ್ಲೈವ್ ಆ ಮನೆತನದ ಹೆನ್ರಿಯೆಟಾಳನ್ನು ಮದುವೆಯಾಗಿದ್ದನು. ಅವನು 1798ರಿಂದ 1803ರವರೆಗೆ ಮದರಾಸಿನ ಗವರ್ನರನಾಗಿದ್ದನು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಟಿಪ್ಪು ಸುಲ್ತಾನನ ಭಂಡಾರ ಸೂರೆಹೋಯಿತು; ಅವನ ಸಿಂಹಾಸನವನ್ನು ಒಡೆದು ಹಂಚಿಕೊಂಡರು. ಆ ಸಿಂಹಾಸನವನ್ನು ಅಲಂಕರಿಸಿದ್ದ ಚಿನ್ನದ ಹುಲಿಮುಖಗಳಲ್ಲಿ ಒಂದೂ, ಹೂಬಳ್ಳಿಗಳ ಚಿತ್ತಾರವಿರುವ ಸುಲ್ತಾನನ ಬಟ್ಟೆಯ ಡೇರೆಯೂ ಇಂದು ಪೋವಿಸ್ ಕೋಟೆಯಲ್ಲಿವೆ. ಅವು ಅಲ್ಲಿ ನಾಶವಾಗದೆ ಉಳಿದಿವೆ ಎಂಬುದು ನಿಜ. ಅವು ಅಲ್ಲಿಗೆ ಹೋದ ಬಗೆ ಯುದ್ಧದ ಸೂರೆ ಎಂಬುದೂ ಅಷ್ಟೇ ನಿಜ. ಈ ಎರಡರಲ್ಲಿ ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಟ್ಟರೆ ವಸ್ತು ಉಳಿದರೂ ಇತಿಹಾಸ ಉಳಿಯಲಿಲ್ಲ. ಆ ವಸ್ತುಗಳು ಮುಂದೆ ಎಲ್ಲಿರಬೇಕೆಂಬುದನ್ನು ಚರ್ಚಿಸಬೇಕಾದರೂ ಅವುಗಳ ನಿಜವಾದ ಕಥೆ ಎಲ್ಲರಿಗೂ ಮೊದಲು ತಿಳಿದಿರಬೇಕು.

ಕಾಪಾಡುವುದೆಂದರೆ ಮುಟ್ಟದೆ ಬಿಟ್ಟುಬಿಡುವುದು ಎಂಬ ತಪ್ಪು ಕಲ್ಪನೆಯೊಂದು ನಮ್ಮಲ್ಲಿದೆ. ಕೇಂಬ್ರಿಜ್ ಬಳಿಯ ವಿಕನ್ ಫೆನ್ ಎಂಬ ಜೌಗುಭೂಮಿ ಅದನ್ನು ತಿದ್ದುತ್ತದೆ. 1899ರಲ್ಲಿ ಅಲ್ಲಿ ಎರಡು ಎಕರೆಯನ್ನು 10 ಪೌಂಡಿಗೆ ಕೊಂಡು ಟ್ರಸ್ಟ್ ತನ್ನ ಮೊದಲ ನಿಸರ್ಗಧಾಮವನ್ನು ಆರಂಭಿಸಿತು. ಈವರೆಗೆ ಅಲ್ಲಿ 9,000ಕ್ಕೂ ಹೆಚ್ಚು ಬಗೆಯ ಜೀವಿಗಳನ್ನು ಗುರುತಿಸಲಾಗಿದೆ. ಆ ಜೌಗಿನ ಜೊಂಡುಹುಲ್ಲನ್ನು ಹಳ್ಳಿಗರು ಮಾಡು ಹೊದೆಸಲು ಶತಮಾನಗಳಿಂದ ಕೊಯ್ಯುತ್ತಿದ್ದರು. ಕೊಯ್ಲು ನಿಂತರೆ ಪೊದೆಗಳು ಹಬ್ಬಿ, ಜೊಂಡನ್ನು ನಂಬಿದ ಹುಳುಹಕ್ಕಿಗಳು ನೆಲೆ ಕಳೆದುಕೊಳ್ಳುತ್ತವೆ. ಆದ್ದರಿಂದ ಇಂದಿಗೂ ಅಲ್ಲಿ ಕಾಲಕಾಲಕ್ಕೆ ಹುಲ್ಲು ಕೊಯ್ಯುತ್ತಾರೆ, ನೀರಿನ ಮಟ್ಟವನ್ನು ಕಾಯುತ್ತಾರೆ. ಹಳೆಯ ಮನೆಗೂ ಇದೇ ಮಾತು ಸಲ್ಲುತ್ತದೆ. ಸೋರುವ ಮಾಡು, ಹುಳು ಹಿಡಿದ ತೊಲೆ, ಬಿಸಿಲಿಗೆ ಮಾಸುವ ಬಟ್ಟೆ ಇವುಗಳ ಮೇಲೆ ಪ್ರತಿದಿನವೂ ಕಣ್ಣಿಟ್ಟಿರಬೇಕು. ಸಾವಿರಾರು ಸ್ವಯಂಸೇವಕರು ಸಂಬಳವಿಲ್ಲದೆ ಈ ಕೆಲಸದಲ್ಲಿ ಕೈಗೂಡಿಸುತ್ತಾರೆ.

ಮೂರನೆಯದಾಗಿ, ಇದೆಲ್ಲ ಸರ್ಕಾರದ ಕೆಲಸ, ಜನರಿಗೇಕೆ ಎಂದು ಕೇಳುವವರುಂಟು. ಸರ್ಕಾರದ ಹೊಣೆ ದೊಡ್ಡದು, ನಿಜ. ಆದರೆ ರಸ್ತೆಗೆ, ಅಣೆಕಟ್ಟಿಗೆ, ಕಾರ್ಖಾನೆಗೆ ನೆಲ ಹುಡುಕುವುದೂ ಸರ್ಕಾರವೇ. ಬೇಡುವವನೂ ಕಾಯುವವನೂ ಒಬ್ಬನೇ ಆದರೆ ಬಡಪಾಯಿಯಾದ ಬೆಟ್ಟದ ಪರವಾಗಿ ಮಾತನಾಡುವವರು ಯಾರು? ಅದಕ್ಕಾಗಿ ಬೇರೊಂದು ದನಿ ಬೇಕು. ಹಾಗೆಂದು ಕಾನೂನಿನ ಬಲವೊಂದನ್ನೇ ನೆಚ್ಚಿ ಕೂರುವಂತೆಯೂ ಇಲ್ಲ. ಉತ್ತರ ಇಂಗ್ಲೆಂಡಿನಲ್ಲಿ ರೋಮನರ ಕಾಲದ ಹೇಡ್ರಿಯನ್ ಗೋಡೆಯ ಬಳಿ, ಎರಡು ದಿಬ್ಬಗಳ ನಡುವಣ ತಗ್ಗಿನಲ್ಲಿ, ಟ್ರಸ್ಟಿಗೆ ಸೇರಿದ ನೆಲದಲ್ಲಿ ಒಂಟಿಯಾಗಿ ನಿಂತಿದ್ದ ಸಿಕಮೋರ್ ಮರವೊಂದು ದೇಶಕ್ಕೆಲ್ಲ ಪ್ರಿಯವಾಗಿತ್ತು. 2023ರ ಸೆಪ್ಟೆಂಬರಿನ ಒಂದು ರಾತ್ರಿ ಇಬ್ಬರು ಅದನ್ನು ಗರಗಸದಿಂದ ಕೊಯ್ದು ಬೀಳಿಸಿದರು. ಅಪರಾಧಿಗಳಿಗೆ 2025ರಲ್ಲಿ ಸೆರೆವಾಸದ ಶಿಕ್ಷೆಯಾಯಿತು. ಮರ ಮಾತ್ರ ಹಿಂದಿರುಗಲಿಲ್ಲ. ಟ್ರಸ್ಟಿನವರು ಅದರ ಬೀಜ ಚಿಗುರುಗಳನ್ನು ಸಂಗ್ರಹಿಸಿ ಬೆಳೆಸಿದ 49 ಸಸಿಗಳನ್ನು ದೇಶದ ಬೇರೆ ಬೇರೆ ಊರುಗಳಿಗೆ ಹಂಚಲು ಗೊತ್ತುಮಾಡಿದರು. ಮಾರಾಟವನ್ನು ಕಾನೂನು ತಡೆದೀತು; ಕೊಡಲಿಯನ್ನು ತಡೆಯಬೇಕಾದುದು ಜನರ ಮನಸ್ಸು.

ಟ್ರಸ್ಟಿನಲ್ಲಿ ದೋಷಗಳಿಲ್ಲವೆಂದು ನಾನು ಹೇಳುವುದಿಲ್ಲ. ಅದರ ಬೆಟ್ಟ ಕಡಲತೀರಗಳಿಗೆ ಹೆಚ್ಚಾಗಿ ಶುಲ್ಕವಿಲ್ಲದಿದ್ದರೂ ಭವ್ಯಗೃಹಗಳ ಪ್ರವೇಶಧನ ಬಡ ಸಂಸಾರಕ್ಕೆ ಭಾರವೇ. ಬಡವರಿಗಾಗಿ ಹುಟ್ಟಿದ ಸಂಸ್ಥೆ ಅನುಕೂಲಸ್ಥರ ವಿಹಾರಕ್ಕೆ ಮೀಸಲಾಗದಂತೆ ಅದು ಸದಾ ಎಚ್ಚರವಾಗಿರಬೇಕು. ಆದರೆ ಅದರ ಮೂಲತತ್ತ್ವ ಪ್ರಶ್ನಾತೀತವಾಗಿ ಶ್ರೇಷ್ಠವಾದುದೆಂದು ನನ್ನ ನಂಬಿಕೆ. ತಾನು ಅನುಭವಿಸುತ್ತಿರುವುದನ್ನು ಮಾರಿ ತಿನ್ನುವ ಹಕ್ಕು ತನಗಿಲ್ಲ, ಅದು ಇನ್ನೂ ಹುಟ್ಟದವರಿಗೂ ಸೇರಿದ್ದು ಎಂದು ಒಂದು ತಲೆಮಾರು ಒಪ್ಪಿಕೊಳ್ಳುವುದು ಸಣ್ಣ ಮಾತಲ್ಲ.

ಭಾರತದಲ್ಲಿಯೂ 1984ರಲ್ಲಿ 'ರಾಷ್ಟ್ರೀಯ ಟ್ರಸ್ಟ್' ಎಂಬ ಮಾತನ್ನು ತನ್ನ ಹೆಸರಿನಲ್ಲಿಯೇ ಇಟ್ಟುಕೊಂಡ ಇಂಟ್ಯಾಕ್ ಸಂಸ್ಥೆ ದೆಹಲಿಯಲ್ಲಿ ಸ್ಥಾಪನೆಯಾಯಿತು. ಕಲೆ ಮತ್ತು ಸಾಂಸ್ಕೃತಿಕ ಪರಂಪರೆಗಳ ರಕ್ಷಣೆ ಅದರ ಉದ್ದೇಶ. ನಮ್ಮ ರಾಜ್ಯದಲ್ಲಿಯೂ ಅದರ ಶಾಖೆಗಳಿವೆ. ಅದಕ್ಕೂ ಮುಂಚೆ, 1976ರಲ್ಲಿ, ನಮ್ಮ ಸಂವಿಧಾನಕ್ಕೆ 51ಎ ವಿಧಿಯನ್ನು ಸೇರಿಸಿ ಪ್ರಜೆಗಳ ಮೂಲಭೂತ ಕರ್ತವ್ಯಗಳನ್ನು ಹೇಳಲಾಯಿತು. ನಮ್ಮ ಸಂಸ್ಕೃತಿಯ ಪರಂಪರೆಯನ್ನು ಗೌರವಿಸಿ ಉಳಿಸಿಕೊಳ್ಳುವುದೂ, ಕಾಡು ಕೆರೆ ನದಿ ವನ್ಯಜೀವಿಗಳನ್ನು ಕಾಪಾಡುವುದೂ ಆ ಕರ್ತವ್ಯಗಳಲ್ಲಿ ಸೇರಿವೆ. ಬ್ರಿಟನ್ನಿನಲ್ಲಿ ಮೂವರು ಸೇರಿ ಐದು ಎಕರೆಗೂ ಕಡಿಮೆಯಾದ ಕಲ್ಲುಗುಡ್ಡದಿಂದ ಆರಂಭಿಸಿದ ಕಾರ್ಯ ಇಂದು ಲಕ್ಷಾಂತರ ಜನರ ಕಾರ್ಯವಾಗಿದೆ. ವಿದ್ಯಾರ್ಥಿಗಳು ತಮ್ಮ ಊರಿನ ಕೆರೆಯ ಏರಿಯನ್ನೋ ಹಳೆಯ ಮಂಟಪವನ್ನೋ ನೋಡಿದಾಗ, ಇದು ಯಾರದು ಎಂಬ ಪ್ರಶ್ನೆಯನ್ನು ಕೇಳಿಕೊಳ್ಳಲಿ. ಯಾರದೂ ಅಲ್ಲ ಎಂದು ಉತ್ತರ ಬಂದರೆ ಅದು ಹಾಳಾಗುತ್ತದೆ. ಎಲ್ಲರದು ಎಂದು ಉತ್ತರ ಬಂದರೆ, ಅದನ್ನು ಕಾಯುವ ಕೆಲಸದಲ್ಲಿ ಕೇಳಿದವರ ಪಾಲೂ ಇದೆ.